ತಾಯಿಯಿಂದ ಮಗಳಿಗೆ ಸಾಗುವ ಸೋಂಕು



ತಂದೆತಾಯಿಯರಿಂದ ಮಕ್ಕಳಿಗೆ ವಂಶವಾಹಿಗಳು ಬರುತ್ತವೆ ಎಂದು ನೀವು ಓದಿದ್ದೀರಿ. ಅನೇಕ ಚಿಟ್ಟೆ, ಪತಂಗಗಳಿಗೆ ತಾಯಿಯಿಂದ ಇನ್ನೊಂದು ಆಸ್ತಿಯೂ ಬರುತ್ತದೆ. ಅದು ಜೀವಂತ ಬ್ಯಾಕ್ಟೀರಿಯ, ಹೆಸರು ವೊಲ್ಬಾಕಿಯ. 1924ರಲ್ಲಿ ಹರ್ಟಿಗ್ ಮತ್ತು ವೊಲ್ಬಾಕ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಗುರುತಿಸಿದ್ದು ಸೊಳ್ಳೆಯ ದೇಹದಲ್ಲಿ.

ಇದು ಜೀವಕೋಶದ ಒಳಗೆ ಮಾತ್ರ ಬೆಳೆಯಬಲ್ಲದು. ಮುಂದಿನ ಪೀಳಿಗೆಗೆ ಸಾಗುವುದು ಅಂಡಾಣುವಿನ ಮೂಲಕ. ವೀರ್ಯಾಣುವಿನಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾದರೆ ಗಂಡು ಚಿಟ್ಟೆಯ ದೇಹ ಸೇರಿದ ಬ್ಯಾಕ್ಟೀರಿಯದ ಗತಿ ಏನು? ಅದರ ವಂಶ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದಲೇ ವೊಲ್ಬಾಕಿಯದ ಕೆಲವು ತಳಿಗಳು ಗಂಡು ಭ್ರೂಣವನ್ನು ಮೊಟ್ಟೆಯಲ್ಲೇ ಕೊಲ್ಲುತ್ತವೆ. ಸೋದರರು ಇಲ್ಲವಾದರೆ ಸೋದರಿಯರಿಗೆ ಮೇವಿನ ಪೈಪೋಟಿ ಕಡಿಮೆ. ಆ ಹೆಣ್ಣುಗಳ ಒಳಗಿರುವ ಬ್ಯಾಕ್ಟೀರಿಯಕ್ಕೂ ಅದೇ ಲಾಭ.

ಹಿಪೊಲಿಮ್ನಾಸ್ ಬೊಲಿನ ಎಂಬ ಚಿಟ್ಟೆಯ ಕಥೆ ಕೇಳಿ. ಗಂಡಿನ ಕಪ್ಪು ರೆಕ್ಕೆಗಳ ಮೇಲೆ ನೀಲಿ ಅಂಚಿನ ಬಿಳಿ ಮಚ್ಚೆಗಳಿರುತ್ತವೆ. ಪೆಸಿಫಿಕ್ ಸಾಗರದ ಸಮೋವ ದ್ವೀಪಗಳಲ್ಲಿ ಈ ಚಿಟ್ಟೆಯ ಗಂಡುಗಳು ತೀರ ವಿರಳವೆಂದು 1920ರ ದಶಕದಲ್ಲೇ ತಿಳಿದಿತ್ತು. 2001ರಲ್ಲಿ ಅಲ್ಲಿ ನೂರಕ್ಕೆ ಒಂದೇ ಗಂಡು! ಗಂಡೇ ಇಲ್ಲವಾದರೆ ಸಂತತಿ ಮುಂದುವರಿಯುವುದು ಹೇಗೆ?

ಆದರೆ 2006ರ ವೇಳೆಗೆ ಗಂಡುಗಳ ಪ್ರಮಾಣ ನೂರಕ್ಕೆ ಸುಮಾರು 40ಕ್ಕೆ ಏರಿತ್ತು. ಬ್ಯಾಕ್ಟೀರಿಯ ಹೊರಟುಹೋಯಿತೇ? ಇಲ್ಲ, ಅದು ಅಲ್ಲೇ ಇತ್ತು. ಅದರ ಕೊಲ್ಲುವ ಶಕ್ತಿಯನ್ನು ತಡೆಯುವ ವಂಶವಾಹಿ ಚಿಟ್ಟೆಗಳಲ್ಲಿ ಹರಡಿತ್ತು. ಸಿಲ್ವೆನ್ ಶಾರ್ಲಾ ಮತ್ತು ಸಂಗಡಿಗರು ಇದನ್ನು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸಮೋವದ ಹೆಣ್ಣುಗಳ ಸಂತತಿಯನ್ನು ಈ ರಕ್ಷಣೆಯಿಲ್ಲದ ಬೇರೊಂದು ದ್ವೀಪದ ಗಂಡುಗಳೊಡನೆ ಪೀಳಿಗೆಯಿಂದ ಪೀಳಿಗೆಗೆ ಕೂಡಿಸಿದಾಗ ಗಂಡು ಭ್ರೂಣಗಳು ಮತ್ತೆ ಸಾಯತೊಡಗಿದವು.

ಇಷ್ಟು ಬೇಗ ಹೇಗೆ ಹರಡಿತು? ಹೆಣ್ಣುಗಳೇ ತುಂಬಿರುವಲ್ಲಿ ಬದುಕುಳಿದ ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುತ್ತದೆ. ಅದನ್ನು ಉಳಿಸಿದ ವಂಶವಾಹಿ ಅಷ್ಟೂ ಸಂಸಾರಗಳಿಗೆ ಹಂಚಿಹೋಗುತ್ತದೆ.

ವಿಕಾಸವೆಂದರೆ ಲಕ್ಷಾಂತರ ವರ್ಷಗಳ ಹಳೆಯ ಸಂಗತಿ ಎಂದು ಭಾವಿಸಬೇಡಿ. ನೀವು ಐದನೆಯ ತರಗತಿಯಿಂದ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಅದು ಕಣ್ಣೆದುರೇ ನಡೆದುಹೋಗಿದೆ. ಈ ಚಿಟ್ಟೆ ನಮ್ಮ ಕರ್ನಾಟಕದಲ್ಲೂ ಹಾರುತ್ತದೆ. ಕಪ್ಪು ರೆಕ್ಕೆಯ ಗಂಡು ತೋಟದಲ್ಲಿ ಕಂಡರೆ ಒಂದು ಕ್ಷಣ ನಿಂತು ನೋಡಿ.