ಕೈರೋದಿಂದ ದಮಾಸ್ಕಸ್‌ವರೆಗೆ: ಒಬಾಮಾ ನೀತಿಯನ್ನು ಎಲ್ಲಿಂದ ಅಳೆಯಬೇಕು?



ಅರಬ್ ಬಂಡಾಯಗಳ ವಿಚಾರದಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಹಿಡಿದ ವಿದೇಶಾಂಗ ನೀತಿಯ ಬಗ್ಗೆ ಎರಡು ದಿನ ವಾದ ಮಾಡಲು ಸೇರಿದ್ದೇವೆ. ಆಹ್ವಾನ ಪತ್ರಿಕೆಯಲ್ಲಿ ಗೋಷ್ಠಿಗಳ ಹೆಸರು ನೋಡಿದೆ. ಮೊದಲನೆಯದು ಲಿಬಿಯಾ, ಹಸ್ತಕ್ಷೇಪದ ಪಾಠಗಳು. ಎರಡನೆಯದು ಸಿರಿಯಾ, ಹಸ್ತಕ್ಷೇಪ ಮಾಡದೆ ಉಳಿದದ್ದರ ಪಾಠಗಳು. ಈಜಿಪ್ಟ್ ನಾಳೆ, ಊಟದ ನಂತರದ ತೂಕಡಿಕೆಯ ಹೊತ್ತಿಗೆ. ಬಹರೈನ್ ಎಲ್ಲಿಯೂ ಇಲ್ಲ. ಸಂಘಟಕರನ್ನು ದೂರುತ್ತಿಲ್ಲ, ವಾಷಿಂಗ್ಟನ್ನಿನಲ್ಲೂ ಈ ಚರ್ಚೆ ಹೆಚ್ಚುಕಡಿಮೆ ಇದೇ ಅನುಕ್ರಮದಲ್ಲಿ ನಡೆದಿದೆ. ನನ್ನ ತಕರಾರು ಇರುವುದೇ ಈ ಅನುಕ್ರಮದ ಮೇಲೆ.

ಯುದ್ಧವಿಮಾನ ಹಾರಿದ ಮೇಲೆಯೇ ಹಸ್ತಕ್ಷೇಪ ಶುರುವಾಗುತ್ತದೆ ಎಂದು ಒಪ್ಪಿಕೊಂಡುಬಿಟ್ಟರೆ, ಒಬಾಮಾ ಲಿಬಿಯಾದಲ್ಲಿ ಅತಿ ಮಾಡಿದರು, ಸಿರಿಯಾದಲ್ಲಿ ಕಡಿಮೆ ಮಾಡಿದರು ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಒಬ್ಬರು ಅವರನ್ನು ದುರ್ಬಲ ಎನ್ನುತ್ತಾರೆ, ಇನ್ನೊಬ್ಬರು ವಿವೇಕಿ ಎನ್ನುತ್ತಾರೆ, ಚಹಾ ವಿರಾಮ ಬರುತ್ತದೆ. ಆದರೆ 2011ರ ಜನವರಿಯಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಜನ ಸೇರಿದಾಗ ಅಮೆರಿಕ ಬೀದಿಯಲ್ಲಿ ನಿಂತು ಪಕ್ಕದ ಮನೆಯ ಜಗಳ ನೋಡುತ್ತಿರಲಿಲ್ಲ. ಆ ಮನೆಯ ಖರ್ಚಿನಲ್ಲಿ ಅದರ ಪಾಲಿತ್ತು. ಇಸ್ರೇಲ್ ಜತೆಗಿನ 1979ರ ಶಾಂತಿ ಒಪ್ಪಂದದ ನಂತರ ಈಜಿಪ್ಟಿನ ಸೇನೆಗೆ ಅಮೆರಿಕದ ನೆರವು ಹರಿಯತೊಡಗಿತು, ಅದು ವರ್ಷಕ್ಕೆ 130 ಕೋಟಿ ಡಾಲರಿಗೆ ನಿಂತಿತ್ತು. ಟ್ಯಾಂಕು ಅವರದ್ದು, ಎಫ್-16 ಅವರದ್ದು, ಅಧಿಕಾರಿಗಳ ತರಬೇತಿ ಅವರದ್ದು. ಇಂಥ ಕಡೆ ‘ಹಸ್ತಕ್ಷೇಪ ಮಾಡಬೇಕೇ ಬೇಡವೇ’ ಎಂದು ಕೇಳುವುದು ನನಗೆ ಅರ್ಥವಾಗುವುದಿಲ್ಲ. ಕೈ ಆಗಲೇ ಒಳಗಿತ್ತು. ಆ ಕೈ ಏನು ಮಾಡಿತು ಎಂದಷ್ಟೇ ಕೇಳಬಹುದು.

ಒಬಾಮಾಗೆ ಇದರ ಅರಿವಿರಲಿಲ್ಲ ಎನ್ನುವಂತಿಲ್ಲ. 2009ರ ಜೂನ್ 4ರಂದು ಕೈರೋ ವಿಶ್ವವಿದ್ಯಾಲಯದಲ್ಲಿ ಮುಸ್ಲಿಂ ಜಗತ್ತನ್ನು ಉದ್ದೇಶಿಸಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದವರು ಅವರು. ಅದಕ್ಕಿಂತ ಮುಖ್ಯವಾದದ್ದು, 2010ರ ಆಗಸ್ಟ್‌ನಲ್ಲಿ ಅವರು ತಮ್ಮ ಅಧಿಕಾರಿಗಳಿಗೆ ಕೊಟ್ಟ ಲಿಖಿತ ಆದೇಶ. ಅರಬ್ ದೇಶಗಳಲ್ಲಿ ರಾಜಕೀಯ ಸುಧಾರಣೆಯ ಬಗ್ಗೆ ಅಧ್ಯಯನ ಮಾಡಿ, ಹಳೆಯ ಆಡಳಿತಗಳಿಗೆ ಕಣ್ಣುಮುಚ್ಚಿ ಬೆಂಬಲ ಕೊಡುವುದರ ಅಪಾಯವೇನು ಹೇಳಿ ಎಂದು ಕೇಳಿದ್ದರು. ಟ್ಯುನೀಸಿಯಾದ ಸಿದಿ ಬೂಝಿದ್‌ನಲ್ಲಿ ತಳ್ಳುಗಾಡಿ ವ್ಯಾಪಾರಿ ಮೊಹಮ್ಮದ್ ಬೂಅಝೀಝಿ ಮೈಗೆ ಬೆಂಕಿ ಹಚ್ಚಿಕೊಂಡದ್ದು ಅದೇ ವರ್ಷದ ಡಿಸೆಂಬರ್ 17ರಂದು. ಪ್ರಶ್ನೆಯನ್ನು ನಾಲ್ಕು ತಿಂಗಳು ಮೊದಲೇ ಕೇಳಿದ್ದ ಅಧ್ಯಕ್ಷರಿಗೆ ಉತ್ತರ ಬೇಕಾದ ಹೊತ್ತಿಗೆ ಸರ್ಕಾರದೊಳಗೇ ಒಮ್ಮತವಿರಲಿಲ್ಲ.

ಈಜಿಪ್ಟಿನ ಆ ಹದಿನೆಂಟು ದಿನಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಜನವರಿ 25ರಂದು ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್, ಈಜಿಪ್ಟ್ ಸರ್ಕಾರ ಸ್ಥಿರವಾಗಿದೆ ಎಂಬುದು ನಮ್ಮ ಅಂದಾಜು ಎಂದರು. ಎರಡು ದಿನದ ನಂತರ ಉಪಾಧ್ಯಕ್ಷ ಜೋ ಬೈಡನ್, ಈಜಿಪ್ಟಿನ ಅಧ್ಯಕ್ಷ ಮುಬಾರಕ್ ಅವರನ್ನು ಸರ್ವಾಧಿಕಾರಿ ಎಂದು ಕರೆಯಲಾರೆ ಎಂದರು. ಮುಬಾರಕ್ ಮನವೊಲಿಸಲು ನಿವೃತ್ತ ರಾಜತಂತ್ರಜ್ಞ ಫ್ರಾಂಕ್ ವಿಸ್ನರ್ ಅವರನ್ನು ಕೈರೋಗೆ ಕಳುಹಿಸಲಾಯಿತು. ಇವರು ತೊಂಬತ್ತರ ದಶಕದಲ್ಲಿ ದೆಹಲಿಯಲ್ಲಿ ರಾಯಭಾರಿಯಾಗಿದ್ದವರು. ಇಲ್ಲಿರುವ ಹಿರಿಯರಿಗೆ ಹೆಸರು ನೆನಪಿರಬಹುದು. ಫೆಬ್ರವರಿ 1ರಂದು ಒಬಾಮಾ, ಅಧಿಕಾರದ ಬದಲಾವಣೆ ಈಗಲೇ ಶುರುವಾಗಬೇಕು ಎಂದು ಬಹಿರಂಗವಾಗಿ ಹೇಳಿದರು. ನಾಲ್ಕು ದಿನ ಕಳೆದ ಮೇಲೆ ಅದೇ ವಿಸ್ನರ್, ಮ್ಯೂನಿಕ್‌ನ ಭದ್ರತಾ ಸಮ್ಮೇಳನದಲ್ಲಿ ವಿಡಿಯೊ ಮೂಲಕ ಮಾತಾಡಿ, ಬದಲಾವಣೆಯ ಕಾಲದಲ್ಲಿ ಮುಬಾರಕ್ ಮುಂದುವರಿಯುವುದು ಅತ್ಯಗತ್ಯ ಎಂದುಬಿಟ್ಟರು. ಅದು ಅವರ ಸ್ವಂತ ಅಭಿಪ್ರಾಯ ಎಂದು ಸರ್ಕಾರ ಕೈತೊಳೆದುಕೊಂಡಿತು. ಫೆಬ್ರವರಿ 11ರಂದು ಮುಬಾರಕ್ ಕೆಳಗಿಳಿದರು.

ಇದನ್ನು ಗೊಂದಲ ಎಂದು ನಗುವುದು ಸುಲಭ. ನನಗೆ ಕಾಣುವುದು ಬೇರೆ. ಮುಬಾರಕ್ ಹೋಗಬೇಕೇ ಎಂಬುದರ ಮೇಲೆ ಇಷ್ಟು ಜಗಳವಾಡಿದ ಅದೇ ಜನ, ಸೇನೆಯ ನೆರವನ್ನು ಏನು ಮಾಡಬೇಕು ಎಂಬ ಬಗ್ಗೆ ಹೊರಗೆ ಕೇಳಿಸುವಂಥ ಜಗಳವಾಡಲೇ ಇಲ್ಲ. ವ್ಯಕ್ತಿ ಬದಲಾದರು, ನೆರವಿನ ಏರ್ಪಾಡು ಹಾಗೇ ಉಳಿಯಿತು. ಅದರ ಲೆಕ್ಕ ಚುಕ್ತಾ ಆದದ್ದು 2013ರಲ್ಲಿ. ಚುನಾವಣೆಯಲ್ಲಿ ಗೆದ್ದು ಬಂದ ಮೊಹಮ್ಮದ್ ಮೊರ್ಸಿ ಅವರನ್ನು ಜುಲೈ 3ರಂದು ಸೇನೆ ಕೆಳಗಿಳಿಸಿತು. ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿದರೆ ಆ ದೇಶಕ್ಕೆ ನೆರವು ನಿಲ್ಲಿಸಬೇಕೆಂದು ಅಮೆರಿಕದ ಕಾನೂನೇ ಹೇಳುತ್ತದೆ. ಒಬಾಮಾ ಸರ್ಕಾರ ಏನು ಮಾಡಿತು? ಅಲ್ಲಿ ನಡೆದದ್ದು ಸೇನಾ ಕ್ಷಿಪ್ರಕ್ರಾಂತಿಯೋ ಅಲ್ಲವೋ ಎಂದು ತೀರ್ಮಾನಿಸುವ ಕಾನೂನಿನ ಹೊಣೆ ನಮಗಿಲ್ಲ ಎಂದಿತು. ವಕೀಲರಾಗಿದ್ದ ಅಧ್ಯಕ್ಷರಿಗೆ ತಕ್ಕ ಉತ್ತರ, ಒಪ್ಪಲೇಬೇಕು.

ಆಗಸ್ಟ್ 14ರಂದು ರಬಾ ಚೌಕದಲ್ಲಿ ಮೊರ್ಸಿ ಬೆಂಬಲಿಗರ ಧರಣಿಯನ್ನು ಭದ್ರತಾ ಪಡೆಗಳು ಗುಂಡು ಹಾರಿಸಿ ಚದುರಿಸಿದವು. ಕನಿಷ್ಠ 817 ಜನ ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿತು. ಮರುದಿನ ಒಬಾಮಾ ಜಂಟಿ ಸಮರಾಭ್ಯಾಸ ರದ್ದು ಮಾಡಿದರು, ಅಕ್ಟೋಬರ್‌ನಲ್ಲಿ ಕೆಲವು ಯುದ್ಧವಿಮಾನ, ಹೆಲಿಕಾಪ್ಟರ್‌ಗಳನ್ನು ತಡೆಹಿಡಿದರು. 2015ರ ಮಾರ್ಚ್‌ನಲ್ಲಿ 12 ಎಫ್-16ಗಳು, 20 ಹಾರ್ಪೂನ್ ಕ್ಷಿಪಣಿಗಳು, 125 ಟ್ಯಾಂಕುಗಳ ಬಿಡಿಭಾಗಗಳಿಗೆ ಮತ್ತೆ ಹಸಿರು ನಿಶಾನೆ ಸಿಕ್ಕಿತು. ಒಂದು ಕ್ಷಿಪಣಿಯನ್ನೂ ಹಾರಿಸದೆ, ಒಬ್ಬ ಸೈನಿಕನನ್ನೂ ಕಳುಹಿಸದೆ ಬಳಸಬಹುದಾಗಿದ್ದ ಹತೋಟಿ ಇದು. ಸೌದಿ ಅರೇಬಿಯಾ ಮತ್ತು ಎಮಿರೇಟ್ಸ್ ಹೊಸ ಆಡಳಿತಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಹಣ ಸುರಿಯುತ್ತಿದ್ದವು, ಆದ್ದರಿಂದ ಆ ಹತೋಟಿಗೆ ಬೆಲೆ ಇರಲಿಲ್ಲ ಎಂಬ ವಾದವಿದೆ. ಗಟ್ಟಿ ವಾದವೇ. ಆದರೆ ಹಣ ಯಾರೂ ಕೊಡಬಹುದು. ಅಮೆರಿಕದ ಟ್ಯಾಂಕಿನ ಬಿಡಿಭಾಗವನ್ನು ರಿಯಾದ್ ತಯಾರಿಸುವುದಿಲ್ಲ.

ಇನ್ನು ಬಹರೈನ್. ನಮ್ಮ ಕರಾವಳಿಯ ಮನೆಗಳಿಗೆ ಇದು ದೂರದ ದೇಶವಲ್ಲ. ಮಂಗಳೂರು, ಉಡುಪಿ ಕಡೆಯವರು ಅಲ್ಲಿ ಕನ್ನಡ ಸಂಘ ಕಟ್ಟಿಕೊಂಡು ದಶಕಗಳೇ ಆಗಿವೆ. ಅದೇ ಮನಾಮಾದಲ್ಲಿ ಅಮೆರಿಕ ನೌಕಾಪಡೆಯ ಐದನೇ ಫ್ಲೀಟ್‌ನ ನೆಲೆಯಿದೆ. 2011ರ ಫೆಬ್ರವರಿ ಮಧ್ಯದಿಂದ ಅಲ್ಲಿನ ಪರ್ಲ್ ವೃತ್ತದಲ್ಲಿ ಜನ ಸೇರತೊಡಗಿದರು. ಮಾರ್ಚ್ 12ರಂದು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ದೊರೆಯನ್ನು ಭೇಟಿಯಾಗಿ, ಅಂಬೆಗಾಲಿಟ್ಟರೆ ಸಾಲದು, ಸುಧಾರಣೆ ಬೇಗ ಆಗಲಿ ಎಂದು ಹೇಳಿ ಹೊರಟರು. 14ರಂದು ಸಮುದ್ರದ ಮೇಲಿನ ಸೇತುವೆ ದಾಟಿ ಸುಮಾರು 1,000 ಸೌದಿ ಸೈನಿಕರು ಒಳಗೆ ಬಂದರು. ಬಹರೈನ್ ಸರ್ಕಾರ ವೃತ್ತವನ್ನು ತೆರವುಗೊಳಿಸಿದ್ದಷ್ಟೇ ಅಲ್ಲ, 18ರಂದು ಅಲ್ಲಿದ್ದ ಮುತ್ತಿನ ಸ್ಮಾರಕವನ್ನೇ ಕೆಡವಿತು.

ದಿನಾಂಕಗಳನ್ನು ಗಮನಿಸಿ. ಲಿಬಿಯಾದ ಜನರ ರಕ್ಷಣೆಗೆ ‘ಅಗತ್ಯವಿರುವ ಎಲ್ಲ ಕ್ರಮ’ ಕೈಗೊಳ್ಳಲು ಭದ್ರತಾ ಮಂಡಳಿ 1973ನೇ ನಿರ್ಣಯ ಅಂಗೀಕರಿಸಿದ್ದು ಮಾರ್ಚ್ 17ರಂದು. ಬಾಂಬು ಬೀಳತೊಡಗಿದ್ದು 19ರಂದು. ಒಂದೇ ವಾರ! ಆ ವಾರದಲ್ಲಿ ಅರಬ್ ಲೀಗಿನ ಬೆಂಬಲ ಅಮೆರಿಕಕ್ಕೆ ಬೇಕಾಗಿತ್ತು, ಲೀಗಿನಲ್ಲಿ ಕೊಲ್ಲಿ ರಾಷ್ಟ್ರಗಳ ಮಾತು ನಡೆಯುತ್ತಿತ್ತು. ಇದೊಂದು ಕೊಡುಕೊಳ್ಳುವ ಒಪ್ಪಂದವಾಗಿತ್ತು ಎಂದು ನಾನು ಹೇಳಲಾರೆ, ಅದಕ್ಕೆ ದಾಖಲೆ ಬೇಕು. ಆದರೆ ಈ ಎರಡು ಸಂಗತಿಗಳನ್ನು ಬೇರೆಬೇರೆ ಗೋಷ್ಠಿಗಳಲ್ಲಿ ಇಟ್ಟು ಚರ್ಚಿಸುವವರು ಹಾಗೇಕೆ ಮಾಡುತ್ತೇವೆಂದು ವಿವರಿಸಬೇಕು. ಮೇ 19ರಂದು ಒಬಾಮಾ ಅರಬ್ ಬಂಡಾಯಗಳ ಬಗ್ಗೆ ದೀರ್ಘ ಭಾಷಣ ಮಾಡಿದರು. ಬೂಅಝೀಝಿಯನ್ನು ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಜತೆ ನೆನೆದರು. ಶಾಂತಿಯುತ ವಿರೋಧಿಗಳನ್ನು ಜೈಲಿನಲ್ಲಿಟ್ಟು ಮಾತುಕತೆ ಸಾಧ್ಯವಿಲ್ಲ ಎಂದು ಬಹರೈನ್ ದೊರೆಗೆ ಹೇಳಿದರು. ಅದು ನಿಷ್ಠುರದ ಮಾತು, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಸೌದಿ ಅರೇಬಿಯಾದ ಹೆಸರು ಮಾತ್ರ ಆ ಭಾಷಣದಲ್ಲಿ ಬರಲಿಲ್ಲ. ವರ್ಷದ ಕೊನೆಗೆ ಸೌದಿಗೆ 84 ಹೊಸ ಎಫ್-15 ವಿಮಾನಗಳನ್ನು ಒಳಗೊಂಡ 2,940 ಕೋಟಿ ಡಾಲರಿನ ವ್ಯವಹಾರ ಪ್ರಕಟವಾಯಿತು.

ಲಿಬಿಯಾದ ಬಗ್ಗೆ ಪ್ರಬಂಧಗಳು ಸಾಕಷ್ಟಿವೆ, ನಾನು ಬೇಗ ಮುಗಿಸುತ್ತೇನೆ. ಬೆಂಘಾಜಿಯಲ್ಲಿ ಹತ್ಯಾಕಾಂಡ ನಡೆಯಲಿತ್ತು ಎಂಬುದು ಒಬಾಮಾ ವಾದ. ಆ ಅಪಾಯವನ್ನು ಉತ್ಪ್ರೇಕ್ಷಿಸಲಾಗಿತ್ತು ಎಂಬುದು 2016ರಲ್ಲಿ ಬ್ರಿಟಿಷ್ ಸಂಸತ್ತಿನ ವಿದೇಶಾಂಗ ಸಮಿತಿ ಕಂಡುಕೊಂಡದ್ದು. ಲಿಬಿಯಾದ ಆಡಳಿತಗಾರ ಗದ್ದಾಫಿ ಸತ್ತ ಮರುದಿನಕ್ಕೆ ಯೋಜನೆ ಇಲ್ಲದ್ದೇ ತಮ್ಮ ಅಧಿಕಾರಾವಧಿಯ ಅತಿ ದೊಡ್ಡ ತಪ್ಪಿರಬಹುದು ಎಂದು ಒಬಾಮಾ ಅದೇ ವರ್ಷ ಸಂದರ್ಶನವೊಂದರಲ್ಲಿ ಒಪ್ಪಿದರು. ನಾನು ಒತ್ತು ಕೊಡುವುದು ಇನ್ನೊಂದಕ್ಕೆ. ಅಮೆರಿಕದ ಸಂಸತ್ತಿನ, ಅಂದರೆ ಕಾಂಗ್ರೆಸ್ಸಿನ, ಒಪ್ಪಿಗೆಯಿಲ್ಲದೆ ಅಧ್ಯಕ್ಷರು 60 ದಿನಕ್ಕಿಂತ ಹೆಚ್ಚು ಯುದ್ಧ ಮುಂದುವರಿಸುವಂತಿಲ್ಲ ಎಂದು 1973ರ ಕಾಯ್ದೆ ಹೇಳುತ್ತದೆ. ಗಡುವು ಮೀರಿತು. ನೆಲದ ಮೇಲೆ ನಮ್ಮ ಸೈನಿಕರಿಲ್ಲ, ಆದ್ದರಿಂದ ಕಾಯ್ದೆ ಹೇಳುವ ಯುದ್ಧ ಇದಲ್ಲ ಎಂದು ಸರ್ಕಾರ ವಾದಿಸಿತು. ಜೂನ್ 24ರಂದು ಪ್ರತಿನಿಧಿ ಸಭೆ ಯುದ್ಧಕ್ಕೆ ಅನುಮತಿ ಕೊಡುವ ನಿರ್ಣಯವನ್ನು 295–123ರಿಂದ ಸೋಲಿಸಿತು. ಅದೇ ದಿನ, ಹಣ ತಡೆಯುವ ಮಸೂದೆಯನ್ನೂ ಸೋಲಿಸಿತು. ಯುದ್ಧ ಬೇಡ, ಆದರೆ ನಿಲ್ಲಿಸುವ ಹೊಣೆಯೂ ಬೇಡ!

ಎರಡು ವರ್ಷದ ನಂತರ ಸಿರಿಯಾದಲ್ಲಿ ಇದೇ ಅಧ್ಯಕ್ಷರು ಕಾಂಗ್ರೆಸ್ಸಿನ ಬಾಗಿಲಿಗೆ ಹೋದರು. ರಾಸಾಯನಿಕ ಅಸ್ತ್ರ ಬಳಸಿದರೆ ಕೆಂಪು ಗೆರೆ ದಾಟಿದಂತೆ ಎಂದು 2012ರ ಆಗಸ್ಟ್ 20ರಂದು ಅವರು ಹೇಳಿದ್ದರು. ಒಂದು ವರ್ಷ ಒಂದು ದಿನಕ್ಕೆ ದಮಾಸ್ಕಸ್ ಹೊರವಲಯದ ಘೌಟಾದಲ್ಲಿ ಸಾರಿನ್ ಅನಿಲ ಬಿತ್ತು. ಬ್ರಿಟಿಷ್ ಸಂಸತ್ತು ದಾಳಿಗೆ ಒಲ್ಲೆ ಎಂದಿತು. ಒಬಾಮಾ ಕಾಂಗ್ರೆಸ್ಸಿನ ಒಪ್ಪಿಗೆ ಕೇಳಿದರು, ಮತಕ್ಕೆ ಹಾಕುವ ಮೊದಲೇ ರಷ್ಯಾ ಜತೆ ಒಪ್ಪಂದವಾಗಿ, ಸಿರಿಯಾ ಘೋಷಿಸಿದ್ದ ಸುಮಾರು 1,300 ಟನ್ ರಾಸಾಯನಿಕ ಹೊರಗೆ ಹೋಯಿತು. ಅದು ಸಣ್ಣ ಸಾಧನೆಯಲ್ಲ. ಎಲ್ಲವೂ ಹೋಗಿರಲಿಲ್ಲ ಎಂಬುದು 2017ರ ಏಪ್ರಿಲ್‌ನಲ್ಲಿ ಖಾನ್ ಶೇಖೂನ್‌ನಲ್ಲಿ ಮತ್ತೆ ಸಾರಿನ್ ಬಿದ್ದಾಗ ಗೊತ್ತಾಯಿತು.

ಆದರೆ ಸಿರಿಯಾದ ಕಥೆ ಕೆಂಪು ಗೆರೆಯಿಂದ ಶುರುವಾಗುವುದಿಲ್ಲ. 2011ರ ಜುಲೈನಲ್ಲಿ ಅಮೆರಿಕದ ರಾಯಭಾರಿ ರಾಬರ್ಟ್ ಫೋರ್ಡ್ ಹಮಾ ನಗರಕ್ಕೆ ಹೋದರು. ಬಂಡೆದ್ದ ಜನ ಅವರ ಕಾರಿಗೆ ಹೂವು, ಆಲಿವ್ ಕೊಂಬೆಗಳನ್ನು ಹಾಕಿ ಸ್ವಾಗತಿಸಿದರು. ಆಗಸ್ಟ್ 18ರಂದು ಒಬಾಮಾ, ಸಿರಿಯಾದ ಅಧ್ಯಕ್ಷ ಅಸಾದ್ ಅಧಿಕಾರ ಬಿಡಬೇಕು ಎಂದರು. ದಮಾಸ್ಕಸ್‌ನಲ್ಲಿ ಅಮೆರಿಕಕ್ಕೆ ನೆರವಿನ ಹಿಡಿತವಿರಲಿಲ್ಲ, ಸೇನೆಯೊಂದಿಗೆ ನಂಟಿರಲಿಲ್ಲ. ಹಿಡಿತವಿಲ್ಲದ ಕಡೆ ಆಡಿದ ಮಾತು ಹಮಾದ ಹುಡುಗರ ಕಿವಿಗೆ ಭರವಸೆಯಾಗಿ ಬಿತ್ತು. ನಂತರ ಬಂದದ್ದು ಅರೆಮನಸ್ಸಿನ ಶಸ್ತ್ರ ನೆರವು. ಬಂಡಾಯಗಾರರಿಗೆ ತರಬೇತಿ ಕೊಡಲು 50 ಕೋಟಿ ಡಾಲರ್ ತೆಗೆದಿಟ್ಟ ರಕ್ಷಣಾ ಇಲಾಖೆಯ ಕಾರ್ಯಕ್ರಮದಿಂದ ಎಷ್ಟು ಹೋರಾಟಗಾರರು ಕಣದಲ್ಲಿದ್ದಾರೆ ಎಂದು 2015ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಸಮಿತಿ ಕೇಳಿದಾಗ, ಜನರಲ್ ಲಾಯ್ಡ್ ಆಸ್ಟಿನ್ ಕೊಟ್ಟ ಉತ್ತರ: ನಾಲ್ಕೋ ಐದೋ ಜನ. ಫೋರ್ಡ್ ಅಷ್ಟರಲ್ಲಿ, ಈ ನೀತಿಯನ್ನು ಇನ್ನು ಸಮರ್ಥಿಸಲಾರೆ ಎಂದು ಹುದ್ದೆ ಬಿಟ್ಟಾಗಿತ್ತು. ಅಸಾದ್ ಕೊನೆಗೂ ಓಡಿಹೋದದ್ದು 2024ರ ಡಿಸೆಂಬರ್ 8ರಂದು, ಒಬಾಮಾ ಶ್ವೇತಭವನ ಬಿಟ್ಟು ಎಂಟು ವರ್ಷ ತುಂಬುವ ಹೊತ್ತಿಗೆ.

ಹಾಗಾಗಿ ನನ್ನ ವಾದ ಇಷ್ಟು. ಹಿಡಿತವಿದ್ದ ಕೈರೋ, ಮನಾಮಾಗಳಲ್ಲಿ ಒಬಾಮಾ ಅದನ್ನು ಬಳಸಲು ಹಿಂಜರಿದರು. ಹಿಡಿತವಿಲ್ಲದ ಬೆಂಘಾಜಿ, ದಮಾಸ್ಕಸ್‌ಗಳಲ್ಲಿ ಅವರ ಬಳಿ ಉಳಿದದ್ದು ಕ್ಷಿಪಣಿ ಅಥವಾ ಮಾತು. ಇರಾಕ್ ಯುದ್ಧವನ್ನು 2002ರಲ್ಲೇ ವಿರೋಧಿಸಿ ಬೆಳೆದು ಬಂದ ನಾಯಕ ಅವರು. ಸೈನ್ಯ ನುಗ್ಗಿಸಬಾರದು ಎಂಬ ಪಾಠ ಚೆನ್ನಾಗಿ ಕಲಿತಿದ್ದರು. ಶಸ್ತ್ರ ವ್ಯಾಪಾರವೂ ನುಗ್ಗುವುದೇ ಎಂಬುದನ್ನು ಇರಾಕ್ ಕಲಿಸಿರಲಿಲ್ಲ.

ಭಾರತದ ಪಾತ್ರವನ್ನೂ ಈ ಸಭೆ ಬಿಡಬಾರದು. ಆಗ ನಾವು ಭದ್ರತಾ ಮಂಡಳಿಯಲ್ಲಿದ್ದೆವು. 1973ನೇ ನಿರ್ಣಯಕ್ಕೆ ಹತ್ತು ದೇಶ ಮತ ಹಾಕಿದವು. ಭಾರತ, ಬ್ರೆಜಿಲ್, ಜರ್ಮನಿ, ರಷ್ಯಾ, ಚೀನಾ ಮತದಾನದಿಂದ ದೂರ ಉಳಿದವು. ನೆಲದ ಸ್ಥಿತಿಯ ಬಗ್ಗೆ ನಂಬಲರ್ಹ ಮಾಹಿತಿ ಕಡಿಮೆ, ಕ್ರಮಗಳು ಅಸ್ಪಷ್ಟ ಎಂದು ನಮ್ಮ ಪ್ರತಿನಿಧಿ ಮಂಜೀವ್ ಸಿಂಗ್ ಪುರಿ ಹೇಳಿದ ಆಕ್ಷೇಪ ಇಂದಿಗೂ ತೂಕವುಳ್ಳದ್ದು. ಆಗಿನ್ನೂ ಲಿಬಿಯಾದಿಂದ ನಮ್ಮವರನ್ನು ಕರೆತರುವ ಕೆಲಸ ಮುಗಿದಿತ್ತಷ್ಟೇ. ಕಳುಹಿಸಿದ ಹಡಗುಗಳಲ್ಲಿ ಐಎನ್‌ಎಸ್ ಮೈಸೂರು ಕೂಡ ಇತ್ತು. ಬಹರೈನ್ ಬಗ್ಗೆ ನಮ್ಮ ದೆಹಲಿಯೂ ದನಿ ಎತ್ತಲಿಲ್ಲ. ಕೊಲ್ಲಿಯಲ್ಲಿ ಲಕ್ಷಾಂತರ ನಮ್ಮವರು ದುಡಿಯುವಾಗ ಮೌನ ವಹಿಸಬೇಕಾಗುತ್ತದೆ ಎಂದರೆ ಅದನ್ನು ವಾದವಾಗಿಯೇ ಮಂಡಿಸಿ; ಒಬಾಮಾ ಐದನೇ ಫ್ಲೀಟ್ ಬಗ್ಗೆ ಮಾಡಿದ ಲೆಕ್ಕಕ್ಕೂ ಇದಕ್ಕೂ ಎಷ್ಟು ದೂರ ಎಂಬುದು ಚರ್ಚೆಯಾಗಲಿ.

ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ದೊಡ್ಡ ಶಸ್ತ್ರ ಮಾರಾಟಗಳನ್ನು ಅಮೆರಿಕ ಸರ್ಕಾರ ಕಾಂಗ್ರೆಸ್ಸಿಗೆ ಮೊದಲೇ ತಿಳಿಸಬೇಕು, ಆ ಪ್ರಕಟಣೆಗಳು ಯಾರಿಗೂ ಸಿಗುತ್ತವೆ. 2011ರ ಸೆಪ್ಟೆಂಬರ್‌ನದ್ದನ್ನು ಹುಡುಕಿ: ಬಹರೈನ್‌ಗೆ 5.3 ಕೋಟಿ ಡಾಲರಿನ ವಾಹನ, ಕ್ಷಿಪಣಿಗಳ ಪ್ರಸ್ತಾವ. ಟೀಕೆ ಬಂದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ತಡೆಹಿಡಿದರು. ಯಾರು ಟೀಕಿಸಿದರು, ಯಾವ ಸೆನೆಟರ್ ಏನು ಬರೆದರು, ಆಮೇಲೆ ಯಾವ ಸಾಮಗ್ರಿ ಬಿಡುಗಡೆಯಾಯಿತು, ಯಾವಾಗ? ಇದನ್ನು ಸಾಲಾಗಿ ಜೋಡಿಸಿದ ಪ್ರಬಂಧವೊಂದು ಕನ್ನಡದಲ್ಲಿ ಬಂದರೆ, ಮುಂದಿನ ಸಂಕಿರಣದ ಮೊದಲ ಗೋಷ್ಠಿಯನ್ನು ಅದಕ್ಕೇ ಕೊಡಿ ಎಂದು ಸಂಘಟಕರಲ್ಲಿ ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.