ಸರಳವಾಗುವುದು ಸೋಲೇ?

ಅಮೆರಿಕದ ಒಕ್ಲಹೋಮಾ ನಗರದ ‘ಫ್ಲೇಮಿಂಗ್ ಲಿಪ್ಸ್’ ಎಂಬ ರಾಕ್ ತಂಡ 1997ರಲ್ಲಿ ‘ಜೈರೀಕಾ’ ಎಂಬ ಆಲ್ಬಂ ತಂದಿತು. ಹಾಡುಗಳು 8, ಸಿ.ಡಿ.ಗಳು 4. ಒಂದೊಂದು ಸಿ.ಡಿ.ಯಲ್ಲೂ ಅವೇ ಹಾಡುಗಳ ಒಂದೊಂದು ಭಾಗ ಮಾತ್ರ. ಪೂರ್ತಿ ಕೇಳಬೇಕಾದರೆ ನಾಲ್ಕು ಪ್ಲೇಯರ್‌ಗಳನ್ನು ಏಕಕಾಲಕ್ಕೆ ಹಚ್ಚಬೇಕು. ಇರುವುದು ಎರಡೇ ಕೈ. ಗೆಳೆಯರನ್ನು ಕರೆಯದೆ ಗತಿಯಿಲ್ಲ!

1999ರಲ್ಲಿ ಅದೇ ತಂಡದ ‘ದಿ ಸಾಫ್ಟ್ ಬುಲೆಟಿನ್’ ಬಂತು. ಒಂದೇ ಸಿ.ಡಿ., ಗುನುಗಿಕೊಳ್ಳಬಹುದಾದ ರಾಗಗಳು. ಹಾಗಾದರೆ ಇವರು ಮಾರುಕಟ್ಟೆಗೆ ಮಣಿದರೇ?

ನನಗೆ ಹಾಗನ್ನಿಸುವುದಿಲ್ಲ. ಎರಡೂ ಆಲ್ಬಂಗಳ ಕೆಲಸ ಸ್ವಲ್ಪ ಕಾಲ ಜೊತೆಜೊತೆಗೇ ನಡೆದಿತ್ತು. 1996ರಲ್ಲಿ ಗಿಟಾರ್ ವಾದಕ ತಂಡ ಬಿಟ್ಟಿದ್ದರು. ಮರುವರ್ಷ ಗಾಯಕ ವೇಯ್ನ್ ಕಾಯ್ನ್ ಅವರ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಈಗ ಹಾಡಬೇಕಾಗಿದ್ದದ್ದು ಸಾವನ್ನು, ಸಾವಿನ ಎದುರು ಉಳಿಯುವ ಪ್ರೀತಿಯನ್ನು. ದುಃಖ ತೋಡಿಕೊಳ್ಳುವವರು ಒಗಟು ಹಾಕುವುದಿಲ್ಲ. ನಾಲ್ಕು ಸಿ.ಡಿ.ಗಳ ಆಟದಲ್ಲಿದ್ದ ಪದರಪದರದ ನಾದ ಇಲ್ಲಿಯೂ ಇದೆ. ಆದರೆ ಅದರ ನಡುವೆ ಕೊಂಚ ನಡುಗುವ ಒಂದು ದನಿ ನೇರವಾಗಿ ನಮ್ಮೊಡನೆ ಮಾತಾಡುತ್ತದೆ.

ಮೊದಲ ಆಲ್ಬಂ ಕೇಳಲು ನಾಲ್ಕು ಯಂತ್ರ ಬೇಕಿತ್ತು. ಎರಡನೆಯದಕ್ಕೆ, ಯಾರನ್ನಾದರೂ ಕಳೆದುಕೊಂಡ ಒಬ್ಬ ಕೇಳುಗ ಸಾಕು.