ಬಾಲಕ್ಕೂ ಬೆಲೆ ಕೊಟ್ಟ ನಾಡಿನಲ್ಲಿ ಮುದಿ ಕುದುರೆಯ ಪಾಡು

ಕಾನಹೊಸಹಳ್ಳಿಯಿಂದ ಕೂಡ್ಲಿಗಿ, ಹೊಸಪೇಟೆ ದಾಟಿದರೆ ಹಂಪಿ. ಅಲ್ಲಿನ ಹಜಾರರಾಮ ದೇವಾಲಯದ ಹೊರಗೋಡೆಯನ್ನು ಹತ್ತಿರದಿಂದ ನೋಡಿ. ಆನೆ, ಕುದುರೆ, ಕಾಲಾಳು, ನರ್ತಕಿಯರ ಮೆರವಣಿಗೆ ಸಾಲುಸಾಲಾಗಿ ಸಾಗಿದೆ. ಕುದುರೆಗಳ ಜೊತೆಗೆ ಅವನ್ನು ಹಿಡಿದು ನಡೆಸುವ ಆಳುಗಳೂ ಇದ್ದಾರೆ. ವಿಜಯನಗರ ನೆಚ್ಚಿಕೊಂಡಿದ್ದ ಒಳ್ಳೆಯ ಕುದುರೆಗಳು ಹೊರ್ಮುಜ್, ಏಡನ್ ಕಡೆಯಿಂದ ಹಡಗೇರಿ ಬಂದು, ಭಟ್ಕಳ, ಗೋವಾಗಳಲ್ಲಿ ಇಳಿದು, ಘಟ್ಟ ಹತ್ತಿ ಬರುತ್ತಿದ್ದವು. ಅರಸರು ವರ್ಷಕ್ಕೆ ಹೊರ್ಮುಜ್ ಮತ್ತು ನಾಡ ತಳಿಯ 13,000 ಕುದುರೆ ಕೊಳ್ಳುತ್ತಿದ್ದರೆಂದು 1535ರ ಸುಮಾರಿಗೆ ಪೋರ್ಚುಗೀಸ್ ವ್ಯಾಪಾರಿ ನುನೀಜ್ ಬರೆದ. ಸಾಳುವ ನರಸಿಂಹನ ಬಗ್ಗೆ ಅವನು ಹೇಳುವುದು ಇನ್ನೂ ವಿಚಿತ್ರ. ಕುದುರೆ ದಾರಿಯಲ್ಲಿ, ಸಮುದ್ರದಲ್ಲೇ ಸತ್ತರೂ ಅದರ ಬಾಲ ತಂದು ತೋರಿಸಿದರೆ ಸಾಕಿತ್ತು, ಬದುಕಿದ ಕುದುರೆಯ ಬೆಲೆಯನ್ನೇ ಅರಸ ಕೊಡುತ್ತಿದ್ದನಂತೆ.

ಈ ಲೆಕ್ಕದಲ್ಲಿ ಕುದುರೆಯನ್ನು ತರಿಸಿಕೊಳ್ಳುವುದಕ್ಕೆ ಎಷ್ಟಾದರೂ ಹಣವಿತ್ತು. ದುಡಿಯುವ ಕಾಲದಲ್ಲಿ ಆರೈಕೆಯೂ ಇತ್ತು. ಅರಮನೆಯ ಕುದುರೆಗಳಿಗೆ 1,600 ಮಂದಿ ಸೇವಕರಿದ್ದರೆಂದು ಅದೇ ನುನೀಜ್ ಹೇಳುತ್ತಾನೆ. ಆದರೆ ಕಾಲು ಸೋತ ಕುದುರೆ ಏನಾಯಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅದಕ್ಕೂ ಹಿಂದೆ, 13ನೇ ಶತಮಾನದ ಕೊನೆಯಲ್ಲಿ, ಪಾಂಡ್ಯರ ನಾಡನ್ನು ಕಂಡ ಮಾರ್ಕೋ ಪೋಲೋ ಇದಕ್ಕಿಂತ ಕಟುವಾದ ಮಾತು ಬರೆದಿದ್ದ: ತರಿಸಿದ ಕುದುರೆಗಳಲ್ಲಿ ಹೆಚ್ಚಿನವು ಸಾಕಲು ಬಲ್ಲವರಿಲ್ಲದೆ ವರ್ಷದೊಳಗೆ ಸಾಯುತ್ತವೆ, ಮತ್ತೆ ಮಾರಲು ಅನುಕೂಲವಾಗಲೆಂದು ಕುದುರೆ ವೈದ್ಯರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಾರೆ. ಇಂದು ಬೀದಿಪಾಲಾದ ಕುದುರೆಯನ್ನು ಕಂಡಾಗ ಕೊನೆಯ ಮಾಲೀಕನ ಕ್ರೌರ್ಯವನ್ನಷ್ಟೇ ಬೈಯುತ್ತೇವೆ. ನನ್ನ ವಾದ ಬೇರೆ. ಕುದುರೆಯ ಮುಪ್ಪಿನ ಖರ್ಚನ್ನು ಅದರಿಂದ ಮೊದಲು ಗಳಿಸಿದವರ ಲೆಕ್ಕಕ್ಕೆ ಹಾಕದೆ ಎಷ್ಟು ಆಶ್ರಯಧಾಮ ಕಟ್ಟಿದರೂ ಸಾಲದು.

ಲೆಕ್ಕ ಹಾಕಿ ನೋಡಿ. ಚೆನ್ನಾಗಿ ಸಾಕಿದರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ರೇಸಿನ ಕುದುರೆಯ ಓಟ ಸಾಮಾನ್ಯವಾಗಿ ಹತ್ತು ತುಂಬುವ ಮೊದಲೇ ಮುಗಿದಿರುತ್ತದೆ. ಉಳಿದ ಹದಿನೈದು, ಇಪ್ಪತ್ತು ವರ್ಷ ಎಲ್ಲಿ? ಸವಾರಿ ಶಾಲೆ, ಮದುವೆ ಮೆರವಣಿಗೆ, ಟಾಂಗಾ. ಕೈ ಬದಲಾದಂತೆಲ್ಲ ಬೆಲೆ ಇಳಿಯುತ್ತದೆ, ಕೊಂಡವನ ಕಿಸೆಯೂ ಸಣ್ಣದಾಗುತ್ತದೆ. ಲಕ್ಷಗಟ್ಟಲೆ ಗಳಿಕೆ ಮೊದಲ ಕೈಯಲ್ಲಿ ಉಳಿದು, ಹುರುಳಿ, ಹುಲ್ಲು, ಲಾಳ, ಔಷಧಿಯ ಭಾರವೆಲ್ಲ ಕೊನೆಯ ಬಡವನ ತಲೆಗೆ ಬರುತ್ತದೆ. ಮೆರವಣಿಗೆಯಿಲ್ಲದ ತಿಂಗಳಲ್ಲಿ ಅವನು ಕುದುರೆಯ ಹಗ್ಗ ಬಿಚ್ಚಿದರೆ ತಪ್ಪು ಅವನದು ನಿಜ, ಆದರೆ ಅವನೊಬ್ಬನದಲ್ಲ.

ಬಿಟ್ಟರೇನು, ಬಯಲಲ್ಲಿ ಮೇಯ್ದುಕೊಂಡು ಇರುತ್ತದಲ್ಲ ಎನ್ನುವವರಿದ್ದಾರೆ. ಮುದಿ ಕುದುರೆಯ ಬಾಯೊಳಗೆ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕುದುರೆಯ ದವಡೆ ಹಲ್ಲು ಸವೆದಂತೆ ಒಳಗಿನಿಂದ ಮೇಲೇರುತ್ತಿರುತ್ತದೆ. ಸವೆತ ಸಮನಾಗಿರದಿದ್ದರೆ ಅಂಚು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತದೆ. ಆಗ ಹುಲ್ಲು ಜಗಿಯಲಾಗದೆ, ಅರೆಜಗಿದ ಉಂಡೆಗಳು ಬಾಯಿಂದ ಉದುರಿ ಕಾಲ ಬಳಿ ಬೀಳುತ್ತವೆ. ಮುಂದೆ ಹುಲ್ಲಿದ್ದೂ ಅದು ಹಸಿದಿರುತ್ತದೆ. ಕೆಲಸವಿಲ್ಲದೆ ನಿಂತ ಕುದುರೆಯ ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸದಿದ್ದರೆ ಅದು ಬೆಳೆದು ಸೊಟ್ಟಗಾಗಿ ಹೆಜ್ಜೆ ಇಡಲು ಬಿಡದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ತಿಪ್ಪೆಯಲ್ಲಿ ನುಂಗಿದ್ದು ಹೊಟ್ಟೆಶೂಲೆಯಾಗಿ ಪ್ರಾಣ ತೆಗೆಯಬಹುದು. ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯಂಥ ರಸ್ತೆಯ ಪಕ್ಕದಲ್ಲಿ ಬಿಟ್ಟರೆ ಲಾರಿಗೆ ಸಿಕ್ಕು ಅದೂ ಸಾಯುತ್ತದೆ, ಬೈಕಿನವನೂ ಸಾಯುತ್ತಾನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದನ್ನು ಅಪರಾಧವೆಂದೇ ಹೇಳಿದೆ. ಆದರೆ ಮೊದಲ ತಪ್ಪಿಗೆ ಅದು ಇಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ದಿನದ ಮೇವಿಗೂ ಸಾಲದ ದಂಡಕ್ಕೆ ಯಾರು ಹೆದರುತ್ತಾರೆ?

ಹಾಗಾದರೆ ಟಾಂಗಾಗಳನ್ನೇ ನಿಲ್ಲಿಸಿ, ಕುದುರೆಗಳನ್ನು ಕಸಿದುಕೊಳ್ಳಿ ಎಂಬ ಸಲಹೆ ಬರುತ್ತದೆ. ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು 2015ರಲ್ಲಿ ಬಾಂಬೆ ಹೈಕೋರ್ಟ್ ನಿಲ್ಲಿಸಲು ಹೇಳಿದಾಗ, ಒಂದು ವರ್ಷದ ಗಡುವು ಕೊಟ್ಟು ಗಾಡಿಯವರ ಪುನರ್ವಸತಿಯ ಯೋಜನೆಯನ್ನೂ ಕೇಳಿತು. ಅದು ಸರಿಯಾದ ದಾರಿ. ಬರಿಗೈಯಾದ ಗಾಡಿಯವನು ಇನ್ನೊಂದು ಅಗ್ಗದ, ಇನ್ನೂ ಬಡಕಲು ಕುದುರೆ ಕೊಂಡರೆ ಉಳಿಸಿದ್ದೇನು? ಬ್ರಿಟಿಷ್ ಮಹಿಳೆ ಡೊರೊಥಿ ಬ್ರೂಕ್ ಕೈರೋದಲ್ಲಿ ಕಂಡುಕೊಂಡದ್ದೂ ಇದನ್ನೇ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆ ಅಲ್ಲೇ ಮಾರಿಬಿಟ್ಟ ಕುದುರೆಗಳು ಕಲ್ಲುಗಣಿಗಳಲ್ಲಿ, ಬೀದಿಗಳಲ್ಲಿ ದುಡಿಯುತ್ತಿದ್ದವು. 1930ರಲ್ಲಿ ಅಲ್ಲಿಗೆ ಹೋದ ಆಕೆ ಮರುವರ್ಷ ಪತ್ರಿಕೆಗೆ ಬರೆದು ಹಣ ಕೂಡಿಸಿ, ಸುಮಾರು 5,000 ಕುದುರೆಗಳನ್ನು ಕೊಂಡರು. ಹೆಚ್ಚಿನವು ತೀರಾ ಬಳಲಿದ್ದರಿಂದ ನೋವಿಲ್ಲದ ಸಾವು ಕೊಡಿಸಿದರು. ಅಷ್ಟಕ್ಕೇ ಮುಗಿಸಲಿಲ್ಲ. 1934ರಲ್ಲಿ ಬಡವರ ದುಡಿಯುವ ಕುದುರೆಗಳಿಗಾಗಿ ಉಚಿತ ಆಸ್ಪತ್ರೆ ತೆರೆದರು. ಮಾಲೀಕನ ಜೊತೆಯಲ್ಲೇ ಕುದುರೆಯನ್ನು ಉಳಿಸುವ ಆ ಕೆಲಸ ಇಂದು ಬ್ರೂಕ್ ಇಂಡಿಯಾ ಹೆಸರಿನಲ್ಲಿ ನಮ್ಮ ದೇಶದಲ್ಲೂ ನಡೆದಿದೆ.

ಮನುಷ್ಯರಿಗೇ ಇಲ್ಲದಾಗ ಕುದುರೆಗೇಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಬರಗಾಲ ಕಂಡ ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಅದು ನ್ಯಾಯವಾದ ಪ್ರಶ್ನೆ. ಆದರೆ ಬಡವರ ಪಾಲನ್ನು ಕಿತ್ತು ಕುದುರೆಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ರೇಸಿನ ಬಹುಮಾನದಿಂದ, ಕುದುರೆಯ ಮೊದಲ ಮಾರಾಟದಿಂದ ಒಂದು ಪಾಲನ್ನು ಅದರ ನಿವೃತ್ತಿಗೆಂದು ತೆಗೆದಿಡಲಿ. ಆ ಹಣ ಕೊನೆಯ ಕೈಯಲ್ಲಿರುವ ಬಡವನ ಹೊರೆಯನ್ನೂ ಇಳಿಸುತ್ತದೆ.

ಹೊಸ ಮನೆಗೆ ಕುದುರೆ ಕೊಡುವಾಗಲೂ ಕನಿಕರವೊಂದೇ ಸಾಲದು. ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ಅಂಟುವುದರಿಂದ ಊರು ಬದಲಿಸುವ ಮುನ್ನ ರಕ್ತ ಪರೀಕ್ಷೆ ಆಗಲೇಬೇಕು. ಕೊಂಡೊಯ್ಯುವವರಿಗೆ ನೆರಳು, ನೀರು, ಜೊತೆಗೊಂದು ಪ್ರಾಣಿ ಇದೆಯೇ, ಲಾಳ ಕಟ್ಟುವವರು ಹತ್ತಿರದಲ್ಲಿದ್ದಾರೆಯೇ ಎಂದು ಹೋಗಿ ನೋಡಬೇಕು. ಮರುಮಾರಾಟ ಮಾಡುವುದಿಲ್ಲ, ಸಾಕಲಾಗದಿದ್ದರೆ ಕೊಟ್ಟವರಿಗೇ ಹಿಂತಿರುಗಿಸುತ್ತೇವೆ ಎಂಬ ಬರಹ ಬೇಕು. ಆ ಬರಹದಲ್ಲಿ ಮೊದಲ ಮಾಲೀಕನ ಹೆಸರೂ ಇರಲಿ, ತಿಂಗಳ ಮೇವಿಗೆ ಅವನು ಕೊಡಬೇಕಾದ ಮೊತ್ತವೂ ಇರಲಿ.